ಟ್ರಿನಿಡಾಡ್‌ಗೆ ಹೊರಟ ಸಸ್ಯಾಹಾರಿ ಎಲ್ಲಿ ಉಣ್ಣಬೇಕು?

ಓದುಗರ ಪ್ರಶ್ನೆ: ಕೆರಿಬಿಯನ್ ಕಡೆ ರಜೆಗೆ ಹೊರಟಿದ್ದೇವೆ, ಅದರಲ್ಲಿ ಐದು ದಿನ ಟ್ರಿನಿಡಾಡ್. ನಾಲ್ವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಎಲ್ಲಿಗೆ ಹೋಗಬೇಕು? ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಬೇಕಾ?

ಚಟ್ನಿಪುಡಿ ಮನೆಯಲ್ಲೇ ಇರಲಿ. ಕೆರಿಬಿಯನ್‌ನಲ್ಲಿ ಸಸ್ಯಾಹಾರಿಗಳು ಇಷ್ಟು ನಿಶ್ಚಿಂತೆಯಿಂದ ಹೊಟ್ಟೆ ತುಂಬಿಸಿಕೊಳ್ಳಬಹುದಾದ ದ್ವೀಪಗಳು ಕಡಿಮೆ. 1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಭಾರತದ ಕೂಲಿಗಳನ್ನು ಮೊದಲ ಸಲ ಇಲ್ಲಿ ಇಳಿಸಿತು. 1917ರ ಹೊತ್ತಿಗೆ ಒಂದೂಕಾಲು ಲಕ್ಷಕ್ಕೂ ಹೆಚ್ಚು ಜನ ಕಬ್ಬಿನ ತೋಟಗಳಿಗೆ ಬಂದಿದ್ದರು. ಹೆಚ್ಚಿನವರು ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದವರು, ಒಂದಷ್ಟು ಜನ ಮದ್ರಾಸಿನಿಂದ ಹಡಗು ಹತ್ತಿದವರು. ಅವರ ಮನೆಯಡುಗೆ ಇವತ್ತು ಇಡೀ ದ್ವೀಪದ ಬೀದಿ ತಿಂಡಿ. ಆದರೆ ಇಲ್ಲಿ ಎಲ್ಲಿ ತಿನ್ನುತ್ತೀರಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಒಳ್ಳೆಯ ಸಸ್ಯಾಹಾರ ಬೆಳಿಗ್ಗೆ ಮತ್ತು ಮಧ್ಯಾಹ್ನ ಸಿಗುತ್ತದೆ. ರಾತ್ರಿ ಎಂಟಕ್ಕೆ ಹಸಿದು ಹೊರಬಿದ್ದವರಿಗೆ ಉಳಿಯುವುದು ಕೋಳಿ, ಮೀನು ಮತ್ತು ಆಲೂಗಡ್ಡೆ ಚಿಪ್ಸ್.

ಬೆಳಗಿನ ತಿಂಡಿ ಡಬಲ್ಸ್. ಒಂದೇ ತಿಂದರೂ ಅದರ ಹೆಸರು ಡಬಲ್ಸೇ. ಅಂಗೈಯಗಲದ ಎರಡು ಬಾರಾ, ಮೇಲೆ ಚನ್ನಾ, ಅಷ್ಟೇ. ಬಾರಾ ಅಂದರೆ ಮೈದಾ, ಅರಿಸಿನ, ಈಸ್ಟ್ ಹಾಕಿ ನಾದಿದ ಹಿಟ್ಟನ್ನು ಎಣ್ಣೆ ಸವರಿದ ಕೈಯಲ್ಲೇ ತಟ್ಟಿ, ಕೆಲವೇ ಸೆಕೆಂಡು ಕರಿದದ್ದು. ಮೊಟ್ಟೆ ಇರುವುದಿಲ್ಲ. ಕರಿದದ್ದನ್ನು ಬಟ್ಟೆ ಹೊದಿಸಿದ ಡಬ್ಬಿಯಲ್ಲಿಡುತ್ತಾರೆ. ಆ ಹಬೆಗೆ ಅದು ಪೂರಿಯ ಗರಿಗರಿ ಕಳೆದುಕೊಂಡು ಮೆತ್ತಗಾಗುತ್ತದೆ. ಹಾಗೆ ಇರಬೇಕಾದದ್ದೇ, ತಣ್ಣಗಾಗಿದೆ ಎಂದು ದೂರಬೇಡಿ. ಪೂರ್ತಿ ಆರಿದರೆ ಮಾತ್ರ ನಾರಿನಂತೆ ಎಳೆಯುತ್ತದೆ. ಆದ್ದರಿಂದ ಏಳು, ಏಳೂವರೆಗೆ ಗಾಡಿಯ ಮುಂದಿರಿ. ಬಹಳ ಗಾಡಿಗಳಲ್ಲಿ ಹತ್ತರ ಹೊತ್ತಿಗೆ ಪಾತ್ರೆ ಖಾಲಿ. ಪಿಯಾರ್ಕೋ ವಿಮಾನ ನಿಲ್ದಾಣದ ಹೊರಗೂ ಡಬಲ್ಸ್ ಸಿಗುತ್ತದೆ, ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಪೂರ್ವಕ್ಕಿರುವ ಕ್ಯೂರೆಪ್ ಜಂಕ್ಷನ್ ಅದಕ್ಕೇ ಹೆಸರಾದ ಜಾಗ.

ಗಾಡಿಯವರು ಕೇಳುವುದು ಒಂದೇ ಪ್ರಶ್ನೆ: ಪೆಪ್ಪರ್? ನಾವು ಗುಂಟೂರು ಮೆಣಸಿನಕಾಯಿ ತಿಂದವರು ಎಂಬ ಧೈರ್ಯದಲ್ಲಿ ಜಾಸ್ತಿ ಹಾಕಿಸಿಕೊಳ್ಳಬೇಡಿ. 2012ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎನಿಸಿಕೊಂಡ ಮೊರುಗಾ ಸ್ಕಾರ್ಪಿಯನ್ ಈ ದ್ವೀಪದ್ದು. ಮೊದಲ ದಿನ ‘ಸ್ಲೈಟ್’ ಅನ್ನಿ, ಮಕ್ಕಳಿಗೆ ‘ನೋ ಪೆಪ್ಪರ್’. ಜೊತೆಗೆ ಹುಣಸೆ ಚಟ್ನಿ, ಸೌತೆಕಾಯಿ ತುರಿ, ಕೊತ್ತಂಬರಿಯ ಘಮವನ್ನೇ ಹೋಲುವ ಶ್ಯಾಡೋ ಬೆನಿ ಸೊಪ್ಪಿನ ಚಟ್ನಿ ಬೀಳುತ್ತವೆ. ಮೇಲಿನ ಬಾರಾ ಹರಿದು ಅದರಲ್ಲೇ ಚನ್ನಾ ಬಾಚಿಕೊಳ್ಳಿ, ಕೆಳಗಿನದನ್ನು ಕೊನೆಗೆ ಸುತ್ತಿ ತಿನ್ನಿ. ದುಡ್ಡು ಸಾಮಾನ್ಯವಾಗಿ ತಿಂದಾದ ಮೇಲೆ, ಎಷ್ಟು ತಿಂದಿರಿ ಎಂದು ನೀವೇ ಹೇಳಿ ಕೊಡುವುದು. ಒಂದಕ್ಕೆ ಹತ್ತು ಸ್ಥಳೀಯ ಡಾಲರ್‌ಗಿಂತ ಕಡಿಮೆ. ಒಂದು ಅಮೆರಿಕನ್ ಡಾಲರ್‌ಗೆ ಆರೂಮುಕ್ಕಾಲರ ಆಸುಪಾಸು ಸ್ಥಳೀಯ ಡಾಲರ್ ಬರುತ್ತದೆ. ಐದು, ಹತ್ತು, ಇಪ್ಪತ್ತರ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ನೂರರ ನೋಟು ಚಾಚಿದರೆ ಚಿಲ್ಲರೆ ಇರುವುದಿಲ್ಲ.

ಬೆಳಗಿನ ಇನ್ನೊಂದು ಊಟ ಸಾದಾ ರೋಟಿ ಮತ್ತು ಚೋಕಾ. ಬದನೆಕಾಯಿಯನ್ನೋ ಟೊಮೆಟೊವನ್ನೋ ಬೆಂಕಿಯಲ್ಲಿ ಸುಟ್ಟು, ಕಿವುಚಿ, ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಎನ್ನಿಸುತ್ತಾರೆ. ಆ ಒಗ್ಗರಣೆಗೆ ಅಲ್ಲಿನವರು ಹೇಳುವ ಮಾತು ಚುಂಕೆ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜು ತಿಂದವರಿಗೆ ಇದು ಹೊಸದೇನಲ್ಲ.

ಮಧ್ಯಾಹ್ನ ರೋಟಿ ಅಂಗಡಿ. ಹನ್ನೊಂದೂವರೆಯಿಂದ ಒಂದರೊಳಗೆ ಹೋಗಿ, ಆಮೇಲೆ ತರಕಾರಿಗಳು ಒಂದೊಂದಾಗಿ ಮುಗಿಯುತ್ತವೆ. ಮೊದಲು ರೋಟಿ ಆರಿಸಬೇಕು. ದಾಲ್‌ಪುರಿ ಕೇಳಿ. ಬೇಯಿಸಿ ಪುಡಿ ಮಾಡಿದ ಬೇಳೆಗೆ ಹುರಿದ ಜೀರಿಗೆ ಸೇರಿಸಿ, ಹೋಳಿಗೆಗೆ ಹೂರಣ ತುಂಬುವಂತೆಯೇ ಕಣಕದೊಳಗಿಟ್ಟು ಲಟ್ಟಿಸಿದ್ದು. ಬೆಲ್ಲವಿಲ್ಲದ ಹೋಳಿಗೆ ಅಂದುಕೊಳ್ಳಿ, ಅಗಲ ಮಾತ್ರ ದೊಡ್ಡ ತಟ್ಟೆಯಷ್ಟು. ಮುರಿದರೆ ಬೇಳೆಪುಡಿ ಮಡಿಲಿಗೆ ಉದುರುತ್ತದೆ, ಕಾಗದ ಬಿಚ್ಚದೆ ಮೇಲಿನಿಂದ ತಿನ್ನುತ್ತಾ ಬನ್ನಿ. ಇನ್ನೊಂದು ಬಗೆ ‘ಬಸ್ ಅಪ್ ಶಟ್’, ಅಂದರೆ ಹರಿದ ಅಂಗಿ. ಪದರ ಪದರದ ಪರಾಠವನ್ನು ಕಾವಲಿಯ ಮೇಲೇ ಎರಡು ಮರದ ಸಟ್ಟುಗಗಳಿಂದ ಬಡಿದು ಚಿಂದಿ ಮಾಡಿರುತ್ತಾರೆ. ಜೊತೆಗೆ ಚನ್ನಾ-ಆಲೂ, ಮೆತ್ತಗೆ ಬೇಯಿಸಿದ ಸಿಹಿಗುಂಬಳ, ಬೋಡಿ ಎಂದು ಕರೆಯುವ ಉದ್ದನೆಯ ಅಲಸಂದೆ, ಸೊಪ್ಪಿನ ಭಾಜಿ, ಮಾವಿನಕಾಯಿ ಕರಿ. ಸಿಹಿಗುಂಬಳ ಬಿಡಬೇಡಿ. ಪೆಪ್ಪರ್ ಉರಿ ತಗ್ಗಿಸಲು ಅದಕ್ಕಿಂತ ಒಳ್ಳೆಯದು ಆ ಕೌಂಟರಿನಲ್ಲಿ ಇಲ್ಲ.

ಸಸ್ಯಾಹಾರಿಗಳು ಮೋಸ ಹೋಗುವುದೂ ಈ ಕೌಂಟರಿನಲ್ಲೇ. ಮಾಂಸದ ರೋಟಿಗೂ ಚನ್ನಾ-ಆಲೂವೇ ತಳಪಾಯ. ಹೀಗಾಗಿ ಒಂದೇ ಸೌಟು ಎರಡೂ ಪಾತ್ರೆಗೆ ಹೋಗಬಹುದು, ಅಥವಾ ಒಣಗಿದೆ ಎಂದು ಪ್ರೀತಿಯಿಂದಲೇ ಒಂದು ಸೌಟು ಮೇಕೆಯ ಸಾರು ಸುರಿಯಬಹುದು. ‘ನೋ ಮೀಟ್ ಗ್ರೇವಿ, ಬೇರೆ ಸೌಟು’ ಎಂದು ಮೊದಲೇ ಹೇಳಿ. ಬರೀ ವೆಜಿಟೇರಿಯನ್ ಅಂದರೆ ಸಾಲದು, ಮೀನು ತಿನ್ನುತ್ತೀರಾ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಹಿಂದೂಗಳು ನಡೆಸುವ ಅಂಗಡಿಯಾದರೆ ಒಂದು ಮಾತು ಚೆನ್ನಾಗಿ ಕೆಲಸ ಮಾಡುತ್ತದೆ: ‘ಫಾಸ್ಟಿಂಗ್’. ಅಲ್ಲಿ ಅದಕ್ಕೆ ಉಪವಾಸ ಎಂಬ ಅರ್ಥಕ್ಕಿಂತ ಮಾಂಸ, ಮೀನು, ಮೊಟ್ಟೆ ಬಿಟ್ಟಿರುವುದು ಎಂಬ ಅರ್ಥವೇ ಹೆಚ್ಚು.

ಕ್ರಿಯೋಲ್, ಅಂದರೆ ಆಫ್ರಿಕನ್ ಮೂಲದವರ ಅಡುಗೆಯ ಅಂಗಡಿಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲಿನ ಕಲಾಲೂ ನೋಡಲು ಅಪ್ಪಟ ಸೊಪ್ಪಿನ ಸಾರು, ಆದರೆ ಅದರಲ್ಲಿ ಏಡಿಯೋ ಉಪ್ಪು ಹಾಕಿದ ಹಂದಿಬಾಲವೋ ಇರುವುದು ವಾಡಿಕೆ. ಕೆಂಪು ಕಾಳಿನ ಸಾರಿಗೂ, ಕಾರ್ನ್ ಸೂಪಿಗೂ ಹಂದಿಬಾಲ ಬೀಳಬಹುದು. ಮ್ಯಾಕರೋನಿ ಪೈಗೆ ಮೊಟ್ಟೆ ಹಾಕುತ್ತಾರೆ. ‘ಐಟಲ್’ ಎಂಬ ಬೋರ್ಡು ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಅದು ರಾಸ್ತಫಾರಿ ಪಂಥದವರ ಸಸ್ಯಾಹಾರ, ಉಪ್ಪು ಮಾತ್ರ ಕಡಿಮೆ ಅಥವಾ ಇಲ್ಲವೇ ಇಲ್ಲ.

ಸಂಜೆಗೆ ಒಂದು ದಿನ ದೆಬೆಗೆ ಮೀಸಲಿಡಿ. ಸ್ಯಾನ್ ಫರ್ನಾಂಡೋದ ದಕ್ಷಿಣಕ್ಕಿರುವ ಈ ಊರಿನ ಮುಖ್ಯರಸ್ತೆಯುದ್ದಕ್ಕೂ ಕರಿದ ತಿಂಡಿಯ ಅಂಗಡಿಗಳ ಸಾಲು: ಫೂಲೌರಿ, ಬೈಗನಿ, ಕಚೋರಿ, ಆಲೂ ಪೈ. ಅಲ್ಲಿ ಸಹೀನಾ ತಿನ್ನದೆ ಬರಬೇಡಿ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುತ್ತಿ, ಕೊಯ್ದು ಕರಿಯುತ್ತಾರೆ. ಮಂಗಳೂರು, ಮಲೆನಾಡಿನವರು ನೋಡಿದ ಕೂಡಲೇ ಪತ್ರೊಡೆ ಅನ್ನುತ್ತಾರೆ. ಅಕ್ಕಿಯ ಬದಲು ಬೇಳೆ, ಹಬೆಯ ಬದಲು ಎಣ್ಣೆ, ಅಷ್ಟೇ ವ್ಯತ್ಯಾಸ. ರಾಜಧಾನಿಯಿಂದ ಸಂಜೆ ಹೊರಟರೆ ಹೆದ್ದಾರಿಯ ದಟ್ಟಣೆಯಲ್ಲೇ ಹೊತ್ತು ಹೋಗುತ್ತದೆ. ಬೆಳಿಗ್ಗೆಯೇ ಹೊರಟು ವಾಟರ್ಲೂವಿನ ಸಮುದ್ರದ ದೇವಸ್ಥಾನ ನೋಡಿ, ಹಾಗೇ ದಕ್ಷಿಣಕ್ಕೆ ಇಳಿಯಿರಿ.

ಕ್ರಿಕೆಟ್ ಪ್ರಿಯರು ಕ್ವೀನ್ಸ್ ಪಾರ್ಕ್ ಓವಲ್ ನೋಡದೆ ಬರುವುದಿಲ್ಲ. 1976ರ ಟೆಸ್ಟ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಾಗ ಜಿ.ಆರ್. ವಿಶ್ವನಾಥ್ 112 ಹೊಡೆದದ್ದು, ಬ್ರಿಜೇಶ್ ಪಟೇಲ್ 49 ಹೊಡೆದು ಕೊನೆಯವರೆಗೂ ನಿಂತದ್ದು ಇದೇ ಅಂಗಳದಲ್ಲಿ. ಅಲ್ಲಿಂದ ಸೇಂಟ್ ಜೇಮ್ಸ್ ಹತ್ತಿರ. ತಡರಾತ್ರಿಯವರೆಗೆ ತಿಂಡಿ ಸಿಗುವ ಬಡಾವಣೆ ಅದು. ಏರಿಯಾಪಿಟಾ ಅವೆನ್ಯೂದ ರೆಸ್ಟೋರೆಂಟುಗಳಲ್ಲಿ ಕುಳಿತು ಉಂಡರೆ, ಬಿಲ್ಲಿಗೆ ಶೇ. 12.5 ವ್ಯಾಟ್ ಮತ್ತು ಹಲವು ಕಡೆ ಶೇ. 10 ಸೇವಾ ಶುಲ್ಕ ಸೇರುತ್ತದೆ. ಮೆನುವಿನ ಕೊನೆಯ ಸಾಲು ಓದಿ.

ಇದೇ ದೇಶದ ಇನ್ನೊಂದು ದ್ವೀಪ ಟೊಬೇಗೋಗೂ ಹೋಗುವುದಾದರೆ ಮಾತು ಬೇರೆ. ಸ್ಟೋರ್ ಬೇ ಅಂಗಡಿಗಳ ಹೆಸರಾಂತ ಊಟ ಏಡಿ-ಡಂಪ್ಲಿಂಗ್. ರೋಟಿ ಅಂಗಡಿಗಳೂ ಕಡಿಮೆ. ಮರಗೆಣಸು, ಕೆಸುವಿನ ಗೆಡ್ಡೆ, ಬೇಯಿಸಿದ ಬಾಳೆಕಾಯಿಗೆ ಅಲ್ಲಿ ‘ಪ್ರಾವಿಷನ್’ ಎನ್ನುತ್ತಾರೆ. ಅದನ್ನೂ ತರಕಾರಿಯನ್ನೂ ಕೇಳಿ ಹಾಕಿಸಿಕೊಳ್ಳಿ, ಅಡುಗೆಮನೆ ಇರುವ ಕೋಣೆ ಸಿಕ್ಕರೆ ಇನ್ನೂ ಒಳ್ಳೆಯದು.

ರಜೆಯ ದಿನಾಂಕ ಇನ್ನೂ ಗೊತ್ತುಮಾಡಿಲ್ಲವಾದರೆ ದೀಪಾವಳಿಯ ಹಿಂದಿನ ವಾರ ನೋಡಿ. ಚಗ್ವಾನಸ್‌ನ ದಿವಾಲಿ ನಗರದಲ್ಲಿ ಆಗ ಒಂಬತ್ತು ರಾತ್ರಿ ಮೇಳ. ಮಾಂಸವೂ ಇಲ್ಲ, ಮದ್ಯವೂ ಇಲ್ಲ, ಯಾವ ಅಂಗಡಿಯಲ್ಲೂ ಸೌಟಿನ ಬಗ್ಗೆ ಕೇಳಬೇಕಿಲ್ಲ. ಉಳಿದ ಕಾಲದಲ್ಲಿ ಭಾನುವಾರ ನೆನಪಿರಲಿ: ಡಬಲ್ಸ್ ಬೆಳಿಗ್ಗೆ ಸಿಗುತ್ತದೆ, ರೋಟಿ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಶನಿವಾರ ಮಧ್ಯಾಹ್ನವೇ ನಾಲ್ಕು ದಾಲ್‌ಪುರಿ, ಪಲ್ಯ ಬೇರೆ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಫ್ರಿಜ್ಜಿನಲ್ಲಿಡಿ.