ಕೋಪ ಕಾರಿಕೊಂಡರೆ ಇಳಿಯುತ್ತಾ? ಕೋಪ ನಿರ್ವಹಣೆಯ ಟಿಪ್ಪಣಿ

ಕೋಪ ಬರುವುದೇ ಕಾಯಿಲೆಯಲ್ಲ. ಅನ್ಯಾಯ ಕಂಡರೂ ಕೋಪ ಬರದಿದ್ದರೆ ಅದೂ ಕಷ್ಟವೇ. ಸಣ್ಣದಕ್ಕೆಲ್ಲ ಸಿಡಿದು, ಬೇಗ ಇಳಿಯದೆ, ಮನೆ ಮತ್ತು ಕೆಲಸ ಎರಡನ್ನೂ ಕೆಡಿಸತೊಡಗಿದರೆ ಆಗ ಅದು ಸಮಸ್ಯೆ.

ಮೆದುಳಿನ ಪಾಠ ಚಿಕ್ಕದು. ಭಯ, ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಪುಟ್ಟ ಭಾಗ ‘ಅಪಾಯ’ ಎಂದು ಕೂಗುತ್ತದೆ, ಅಡ್ರಿನಲಿನ್ ಹಾರ್ಮೋನ್ ಹರಿಯುತ್ತದೆ, ಎದೆಬಡಿತ ಏರುತ್ತದೆ. ‘ಸ್ವಲ್ಪ ತಡಿ’ ಎನ್ನುವುದು ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್. ನಿದ್ದೆಗೆಟ್ಟಾಗ, ಕುಡಿದಾಗ ಅದರ ಮಾತು ನಡೆಯುವುದು ಕಡಿಮೆ.

ಏರಿದ ಬಿಸಿ ತಕ್ಷಣ ಇಳಿಯುವುದಿಲ್ಲ. ಟ್ರಾಫಿಕ್‌ನಲ್ಲಿ ಹಾರ್ನ್ ಕೇಳಿ ಕೇಳಿ ಮನೆಗೆ ಬರುತ್ತೀರಿ. ಚಾರ್ಜರ್ ಇಟ್ಟ ಜಾಗದಲ್ಲಿ ಇಲ್ಲ. ಮಗಳು ‘ನಾನೇ ತಗೊಂಡೆ’ ಅಂದಿದ್ದೇ ತಡ, ಮನೆ ಅದುರುವ ಹಾಗೆ ಕಿರುಚುತ್ತೀರಿ. ಚಾರ್ಜರ್‌ಗೆ ಅಷ್ಟು ಕೋಪ ಬರುತ್ತದಾ? ಅರ್ಧ ಕೋಪ ರಸ್ತೆಯದು. ಒಂದು ಕಡೆಯ ಉದ್ರೇಕ ಇನ್ನೊಂದು ಕಡೆಗೆ ಹೀಗೆ ಸಾಗುವುದನ್ನು ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ ವಿವರಿಸಿದ್ದಾರೆ.

ಈಗ ಮುಖ್ಯ ವಿಷಯ. ‘ಒಳಗೆ ಇಟ್ಟುಕೊಳ್ಳಬೇಡ, ಕಾರಿಕೋ, ಹಗುರವಾಗುತ್ತೆ’ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. 600 ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಅದನ್ನು ತೀರಾ ಕೆಟ್ಟದಾಗಿ ಟೀಕಿಸಿ ರೇಗಿಸಿದರು. ಒಂದು ಗುಂಪು ಟೀಕಿಸಿದವನನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿತು. ಇನ್ನೊಂದು ಗುಂಪೂ ಗುದ್ದಿತು, ಆದರೆ ವ್ಯಾಯಾಮ ಅಂದುಕೊಂಡು. ಮೂರನೆಯದು ಎರಡು ನಿಮಿಷ ಸುಮ್ನೆ ಕೂತಿತು. ಹೆಚ್ಚು ಕೋಪ ಉಳಿದಿದ್ದು ಮೊದಲ ಗುಂಪಿಗೆ. ಸುಮ್ಮನೆ ಕೂತವರೇ ಎಲ್ಲರಿಗಿಂತ ಶಾಂತವಾಗಿ ನಡೆದುಕೊಂಡರು! 2024ರಲ್ಲಿ ಬುಷ್‌ಮನ್ ಮತ್ತು ಸೋಫಿ ಶೆರ್ವಿಕ್ 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಕೋಪ ತಗ್ಗಿಸಿದ್ದು ಮೈ ತಣ್ಣಗಾಗಿಸುವ ಕೆಲಸಗಳೇ: ನಿಧಾನ ಉಸಿರಾಟ, ಧ್ಯಾನ, ಯೋಗ. ಜಾಗಿಂಗ್ ಆರೋಗ್ಯಕ್ಕೆ ಒಳ್ಳೆಯದು, ಕೋಪಕ್ಕೆ ಮದ್ದಲ್ಲ.

ಹಾಗಂತ ಬಾಯಿ ಮುಚ್ಚಿಕೊಂಡಿರಿ ಅಂತಲ್ಲ. ಮೊದಲು ಬಿಸಿ ಇಳಿಯಲಿ, ಮಾತು ಆಮೇಲೆ. ‘ಹತ್ತು ನಿಮಿಷ ಬಿಟ್ಟು ಮಾತಾಡ್ತೀನಿ’ ಅಂತ ಹೇಳಿಯೇ ಎದ್ದು ಹೋಗಿ, ಹೇಳಿದಂತೆ ವಾಪಸ್ ಬನ್ನಿ. ಹೇಳದೆ ಎದ್ದು ಹೋದರೆ ಎದುರಿನವರಿಗೆ ಅದೇ ಅವಮಾನ. ಆ ಹತ್ತು ನಿಮಿಷ ‘ಅವನು ಹೀಗಂದ, ನಾನು ಹಾಗನ್ನಬೇಕಿತ್ತು’ ಅಂತ ಮೆಲುಕು ಹಾಕುತ್ತಾ ಕೂತರೆ ಪ್ರಯೋಜನವಿಲ್ಲ. ‘ಬೇಕಂತಲೇ ಮಾಡಿದ’ ಅನ್ನುವ ಊಹೆಯನ್ನೂ ಒಮ್ಮೆ ಪರೀಕ್ಷಿಸಿ. ಕೌನ್ಸೆಲಿಂಗ್‌ನಲ್ಲೂ ಇಂಥ ಊಹೆಗಳನ್ನು ಪರೀಕ್ಷಿಸುತ್ತಾರೆ.

ಕೈ ಮಾಡುವ, ವಸ್ತು ಒಡೆಯುವ ಹಂತ ತಲುಪಿದ್ದರೆ ಉಸಿರಾಟದ ಅಭ್ಯಾಸವೊಂದೇ ಸಾಲದು. ಕೋಪದ ಹಿಂದೆ ಖಿನ್ನತೆಯೋ ಕುಡಿತವೋ ಇರಬಹುದು, ವೈದ್ಯರೇ ನೋಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.