'12 ವರ್ಷಕ್ಕಿಂತ ಕಡಿಮೆ ಬೇಡ ಸರ್': ಸಿಂಗಲ್ ಮಾಲ್ಟ್ ದುಬಾರಿ ಆಯ್ತು, ಬದಲಿಗೆ ಏನು ತಗೊಳ್ಳೋದು?

ಪ್ರಶ್ನೆ: ಸರ್, ಹತ್ತು ವರ್ಷದಿಂದ ಸ್ಕಾಚ್ ಸಿಂಗಲ್ ಮಾಲ್ಟ್ ತಗೋತಿದ್ದೀನಿ. ತಿಂಗಳಿಗೆ ಒಂದು ಬಾಟಲಿ, ಅಷ್ಟೇ. ಈಗಿನ ರೇಟು ನೋಡಿದರೆ ಕೈ ಸುಡುತ್ತೆ. ಅದೇ ಮಟ್ಟದ್ದು, ಸ್ವಲ್ಪ ಕಡಿಮೆ ಬೆಲೆಯದ್ದು ಇದ್ದರೆ ಹೇಳಿ. ಆದರೆ 12 ವರ್ಷಕ್ಕಿಂತ ಕಡಿಮೆಯದ್ದು ಬೇಡ.
– ಒಬ್ಬ ಓದುಗರು, ವಿದ್ಯಾನಗರ, ದಾವಣಗೆರೆ

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬೆಣ್ಣೆ ದೋಸೆಗೆ ಕಾಯುತ್ತಾ ನಿಂತ ಕಡೆಯೂ ಕೇಳಿದ್ದಾರೆ. ಕೇಳುವವರು ಬೇರೆ ಬೇರೆ, ಕೊನೆಯ ಮಾತು ಮಾತ್ರ ಒಂದೇ: '12 ವರ್ಷಕ್ಕಿಂತ ಕಡಿಮೆ ಬೇಡ.' ಆ ಒಂದು ಮಾತು ಬಿಟ್ಟರೆ ನಿಮ್ಮ ಸಮಸ್ಯೆ ಅರ್ಧ ಮುಗಿಯುತ್ತದೆ. ಬಿಡದಿದ್ದರೆ ನಾನು ಏನು ಹೇಳಿದರೂ ಉಪಯೋಗ ಇಲ್ಲ. ಹಾಗಾಗಿ ಈ ಸಲ ಅದನ್ನೇ ಹಿಡಿದು ಕೂರುತ್ತೇನೆ.

ಮೊದಲು ಬೆಲೆಯ ವಿಷಯ ಬೇಗ ಮುಗಿಸೋಣ. ಸ್ಕಾಚ್ ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿ, ಸ್ಕಾಟ್ಲೆಂಡಿನಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟ ವಿಸ್ಕಿ. ರಾಗಿ ಮಾಲ್ಟ್ ಅಂತೀವಲ್ಲ, ಅದೇ ಮಾಲ್ಟು ಇದು. ಅಲ್ಲಿ ರಾಗಿಗೆ ಮೊಳಕೆ, ಇಲ್ಲಿ ಬಾರ್ಲಿಗೆ. 2012ರ ನವೆಂಬರ್‌ನಿಂದ ಇನ್ನೊಂದು ನಿಯಮ ಸೇರಿತು. ಸಿಂಗಲ್ ಮಾಲ್ಟನ್ನು ಬಾಟಲಿಗೆ ತುಂಬುವುದೂ ಸ್ಕಾಟ್ಲೆಂಡಿನಲ್ಲೇ ಆಗಬೇಕು. ಬ್ಲೆಂಡೆಡ್ ಸ್ಕಾಚನ್ನು (ಮಾಲ್ಟ್ ವಿಸ್ಕಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು) ಹಾಗಲ್ಲದೆ ದೊಡ್ಡ ಟ್ಯಾಂಕಿನಲ್ಲಿ ತಂದು ಇಲ್ಲೇ ತುಂಬಬಹುದು. ಟೀಚರ್ಸ್, ವ್ಯಾಟ್ 69, 100 ಪೈಪರ್ಸ್ ಬರುವುದು ಹೀಗೆ. ಸಿಂಗಲ್ ಮಾಲ್ಟಿಗೆ ಆ ದಾರಿ ಇಲ್ಲ. ಗಾಜಿನ ಬಾಟಲಿಯೇ ಹಡಗು ಹತ್ತಿ ಬರಬೇಕು, ಅದರ ಮೇಲೆ ಕಸ್ಟಮ್ಸ್ ಸುಂಕ (2025ರಲ್ಲಿ 150 ಪರ್ಸೆಂಟ್ ಇತ್ತು), ಅದರ ಮೇಲೆ ನಮ್ಮ ರಾಜ್ಯದ ಅಬಕಾರಿ ಸುಂಕ.

'ಬ್ರಿಟನ್ ಜೊತೆ ಒಪ್ಪಂದ ಆಯ್ತಲ್ಲ, ಬೆಲೆ ಅರ್ಧ ಆಗುತ್ತಾ?' ಅಂತ ಇನ್ನೊಬ್ಬರು ಕೇಳಿದ್ದರು. 2025ರ ಜುಲೈ 24ರಂದು ಸಹಿ ಆದ ಒಪ್ಪಂದದ ಪ್ರಕಾರ, ಅದು ಜಾರಿಗೆ ಬಂದ ಕೂಡಲೇ 150 ಪರ್ಸೆಂಟ್ 75ಕ್ಕೆ ಇಳಿಯಬೇಕು, ಹತ್ತನೇ ವರ್ಷಕ್ಕೆ 40ಕ್ಕೆ. ಆದರೆ ಕಸ್ಟಮ್ಸ್ ಸುಂಕ ಬೀಳುವುದು ಬಂದರಿನಲ್ಲಿನ ಬೆಲೆಯ ಮೇಲೆ, ಅಂಗಡಿಯ ಎಂಆರ್‌ಪಿ ಮೇಲೆ ಅಲ್ಲ. ಎಂಆರ್‌ಪಿಯಲ್ಲಿ ರಾಜ್ಯದ ಸುಂಕ, ಸಾಗಣೆ, ಅಂಗಡಿಯವರ ಲಾಭ ಎಲ್ಲ ಸೇರಿರುತ್ತದೆ. ಹಾಗಾಗಿ ಸುಂಕ ಅರ್ಧ ಆದರೆ ಬಾಟಲಿ ಅರ್ಧ ಬೆಲೆಗೆ ಸಿಗುವುದಿಲ್ಲ. ಅದಕ್ಕೆ ಕಾಯುತ್ತಾ ಕೂರಬೇಡಿ.

ಈಗ ಆ 12ಕ್ಕೆ ಬರೋಣ.

ಲೇಬಲ್ ಮೇಲಿನ 12 ಏನು ಹೇಳುತ್ತದೆ? ಆ ಬಾಟಲಿಯಲ್ಲಿರುವ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಎಳೆಯದು ಪೀಪಾಯಿಯಲ್ಲಿ 12 ವರ್ಷ ಇತ್ತು ಅಂತ. ಅಷ್ಟೇ. ಪೀಪಾಯಿ ಹೊಸದೋ ಹಳೆಯದೋ, ಮೊದಲ ಸಲ ತುಂಬಿದ್ದೋ ನಾಲ್ಕನೇ ಸಲವೋ, ಗೋದಾಮು ಎಷ್ಟು ಬಿಸಿ ಇತ್ತು, ಯಾವುದನ್ನೂ ಅದು ಹೇಳುವುದಿಲ್ಲ. ವಿಸ್ಕಿಯ ಬಹುಪಾಲು ರುಚಿ ಬರುವುದು ಮರದಿಂದ. ಭಟ್ಟಿಯಿಂದ ಇಳಿದಾಗ ಅದು ನೀರಿನ ಹಾಗೆ ಬಣ್ಣವೇ ಇಲ್ಲದ ದ್ರವ. ಬಿಸಿಯಾದಾಗ ಹಿಗ್ಗಿ ಮರದೊಳಗೆ ಇಳಿಯುತ್ತದೆ, ತಣ್ಣಗಾದಾಗ ಹೊರಗೆ ಬರುತ್ತದೆ. ಬರುವಾಗ ಮರದ ಬಣ್ಣ, ವೆನಿಲಾ ಥರದ ಪರಿಮಳ, ಸ್ವಲ್ಪ ಒಗರು ತರುತ್ತದೆ. ಬಿಸಿ ಜಾಸ್ತಿ ಇದ್ದರೆ ಈ ಕೆಲಸ ಬೇಗ ಆಗುತ್ತದೆ. ಸ್ಕಾಟ್ಲೆಂಡಿನಲ್ಲಿ ಬೇಸಿಗೆಯ ಮಧ್ಯಾಹ್ನವೂ 20 ಡಿಗ್ರಿಯ ಆಸುಪಾಸು. ನಮ್ಮಲ್ಲಿ ಏಪ್ರಿಲ್ ತಿಂಗಳು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಅಲ್ಲಿ 12 ವರ್ಷ ಬೇಕಾಗುವುದು ಚಳಿಯಿಂದ. ಲೇಬಲ್ ಮೇಲಿನ ಅಂಕಿ ಆ ಚಳಿಯ ಲೆಕ್ಕ.

ಮಾವಿನ ಹಣ್ಣು ತಗೋವಾಗ 'ಎಷ್ಟು ದಿನ ಹುಲ್ಲಿನಲ್ಲಿ ಇಟ್ಟಿದ್ರಿ?' ಅಂತ ಯಾರೂ ಕೇಳಲ್ಲ, ಅಲ್ವಾ? ತೊಟ್ಟಿನ ಹತ್ತಿರ ಮೂಸಿ ನೋಡುತ್ತೇವೆ. ಸೆಕೆಯ ಕೋಣೆಯಲ್ಲಿ ಮೂರು ದಿನಕ್ಕೆ ಮಾಗುವ ಹಣ್ಣು, ತಣ್ಣನೆಯ ಕೋಣೆಯಲ್ಲಿ ವಾರ ಇಟ್ಟರೂ ಕಾಯಿಯೇ ಆಗಿರಬಹುದು.

ಇನ್ನೊಂದು ಲೆಕ್ಕ ನೋಡಿ. ಪೀಪಾಯಿಯಿಂದ ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಅಂತ ಕರೆಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು 2 ಪರ್ಸೆಂಟ್. ಬೆಂಗಳೂರಿನಲ್ಲಿ 10 ಪರ್ಸೆಂಟಿಗೂ ಜಾಸ್ತಿ. 200 ಲೀಟರ್ ಪೀಪಾಯಿ ತಗೊಳ್ಳಿ. 12 ವರ್ಷ ಆದ ಮೇಲೆ ಅಲ್ಲಿ ಸುಮಾರು 157 ಲೀಟರ್ ಉಳಿಯುತ್ತದೆ. ಇಲ್ಲಿ 10 ಪರ್ಸೆಂಟ್ ಅಂತಲೇ ಹಿಡಿದರೂ 56 ಲೀಟರ್! ಉಳಿದ ಆ 56 ಲೀಟರ್ ಮರದ ರಸ ಕುಡಿದೂ ಕುಡಿದೂ ಹಸಿ ಅಡಿಕೆ ಅಗಿದ ಹಾಗೆ ಒಗರಾಗಿರುವ ಸಾಧ್ಯತೆಯೇ ಜಾಸ್ತಿ. ಚನ್ನಗಿರಿ ಕಡೆಯವರಿಗೆ ಈ ಒಗರು ಬಿಡಿಸಿ ಹೇಳಬೇಕಿಲ್ಲ. ಎರಡೂ ಕಡೆ ಇರುವುದು ಟ್ಯಾನಿನ್ ಎಂಬ ಒಗರಿನ ಅಂಶವೇ. ಅದಕ್ಕೇ ಬೆಂಗಳೂರಿನ ವಿಸ್ಕಿ ಕಂಪನಿ ಅಮೃತ್‌ನವರು ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೇ ಪೀಪಾಯಿ ಖಾಲಿ ಮಾಡುತ್ತಾರೆ. 2013ರಲ್ಲಿ ಅವರು 8 ವರ್ಷದ್ದೊಂದನ್ನು ತಂದಾಗ ಅದಕ್ಕೆ ಗ್ರೀಡಿ ಏಂಜೆಲ್ಸ್ ಅಂತ, ಅಂದರೆ ದುರಾಸೆಯ ದೇವತೆಗಳು ಅಂತ ಹೆಸರಿಟ್ಟರು. ಪೀಪಾಯಿಯಲ್ಲಿ ಉಳಿದಿದ್ದು ನೋಡಿದರೆ ಆ ಹೆಸರು ಸರಿಯಾಗಿಯೇ ಇದೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳುತ್ತಾರೆ: 'ಹಾಗಾದ್ರೆ ಮನೇಲಿ ಇಟ್ಟ ಬಾಟಲಿಗೂ ವಯಸ್ಸು ಆಗ್ತಾ ಹೋಗುತ್ತಲ್ವಾ?'

ಇಲ್ಲ. ಗಾಜಿನಲ್ಲಿ ವಿಸ್ಕಿಗೆ ವಯಸ್ಸಾಗುವುದಿಲ್ಲ. ಮರದಿಂದ ಹೊರಗೆ ಬಂದ ದಿನವೇ ಅದರ ವಯಸ್ಸು ನಿಂತಿತು.

ನಮ್ಮ ಮಾವನವರ ಮನೆಯ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ, ಒಂದು ಬಾಟಲಿ ಮಲಗಿತ್ತು. 2003ರಲ್ಲಿ ದುಬೈನಿಂದ ಯಾರೋ ತಂದುಕೊಟ್ಟಿದ್ದು, 12 ವರ್ಷದ್ದು. 2024ರಲ್ಲಿ ಭಾವಮೈದುನನ ಮನೆ ಗೃಹಪ್ರವೇಶ ಮುಗಿದ ಮರುದಿನ ರಾತ್ರಿ ಅದನ್ನು ಹೊರಗೆ ತೆಗೆದರು. 'ಅಳಿಯಂದ್ರೇ, ಇದು ಈಗ 33 ವರ್ಷದ್ದು' ಅಂದರು. ನಾನು ಆಗ ಏನೂ ಹೇಳಲಿಲ್ಲ. ಮುಚ್ಚಳ ತಿರುಗಿಸಿದರು. ಬಿರಡೆ ಅರ್ಧಕ್ಕೆ ಮುರಿದು, ಕೆಳಗಿನ ತುಂಡು ಪುಡಿಪುಡಿಯಾಗಿ ಒಳಗೇ ಬಿತ್ತು. ಬಾಟಲಿಯನ್ನು ಇಪ್ಪತ್ತೊಂದು ವರ್ಷ ಅಡ್ಡ ಮಲಗಿಸಿದ್ದರಿಂದ ಆಲ್ಕೋಹಾಲು ಬಿರಡೆಯನ್ನು ತಿಂದು ಹಾಕಿತ್ತು. ಕತ್ತಿನ ತನಕ ಇರಬೇಕಾದ ವಿಸ್ಕಿ ಭುಜಕ್ಕಿಂತ ಕೆಳಗೆ ಇಳಿದಿತ್ತು. ಅತ್ತೆಯವರು ಟೀ ಜಾಲರಿ ತಂದುಕೊಟ್ಟರು. ಸೋಸಿ ಎರಡು ಗ್ಲಾಸಿಗೆ ಹಾಕಿದೆವು. ಒದ್ದೆ ರಟ್ಟಿನ ವಾಸನೆ, ನಾಲಿಗೆ ಮೇಲೆ ಸಪ್ಪೆ. ಮಾವನವರು ಒಂದು ಗುಟುಕು ತಗೊಂಡು ಗ್ಲಾಸನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟರು, ಮತ್ತೆ ಮುಟ್ಟಲಿಲ್ಲ. ನನಗೆ ತುಂಬಾ ಬೇಜಾರಾಯಿತು. 2003ರಲ್ಲೇ ನಾಲ್ಕು ಜನ ಸೇರಿ ಅದನ್ನು ಕುಡಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಈಗಲೇ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ಈ ವರ್ಷವೇ ತೆಗೆಯಿರಿ.

ಬಣ್ಣದ ಕಥೆಯೂ ಇದೇ. 'ಕಪ್ಪಗಿದೆ, ಹಳೇದು' ಅನ್ನುವವರಿದ್ದಾರೆ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿ ಇದೆ. ಬಣ್ಣ ನೋಡಿ ವಯಸ್ಸು ಹೇಳಲು ಆಗುವುದಿಲ್ಲ.

ಸರಿ, ಈಗ ನಿಮ್ಮ ಪ್ರಶ್ನೆ. ನೀವು ಯಾವ ಬ್ರ್ಯಾಂಡ್ ತಗೋತಿದ್ದಿರಿ ಅಂತ ಬರೆದಿಲ್ಲ. ಅದು ಗೊತ್ತಿದ್ದರೆ ಉತ್ತರ ಸುಲಭ ಆಗುತ್ತಿತ್ತು, ಯಾಕೆಂದರೆ ಬದಲಿ ಹುಡುಕಬೇಕಾದ್ದು ರುಚಿಗೆ.

ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್ ಥರದ ಹಗುರ, ಹಣ್ಣಿನ ರುಚಿ ನಿಮ್ಮದಾಗಿದ್ದರೆ ಮಂಕಿ ಶೋಲ್ಡರ್ ನೋಡಿ. ಇದು ಬ್ಲೆಂಡೆಡ್ ಮಾಲ್ಟ್. ಅಂದರೆ ಬೇರೆ ಬೇರೆ ಡಿಸ್ಟಿಲರಿಯ ಸಿಂಗಲ್ ಮಾಲ್ಟುಗಳನ್ನೇ ಸೇರಿಸಿದ್ದು, ಬೇರೆ ಧಾನ್ಯದ ವಿಸ್ಕಿ ಒಂದು ಹನಿಯೂ ಇಲ್ಲ. ತರುವವರು ಗ್ಲೆನ್‌ಫಿಡಿಕ್‌ನ ಮನೆಯವರೇ, ವಿಲಿಯಂ ಗ್ರಾಂಟ್ ಕಂಪನಿ. 'ಬ್ಲೆಂಡ್ ಅಂದ್ರೆ ಕಲಬೆರಕೆ' ಅನ್ನುವ ಮಾತು ಬೇಡ. ಕಾಫಿ ಪುಡಿಯಲ್ಲಿ ಪೀಬೆರಿ, ಪ್ಲಾಂಟೇಶನ್ ಎರಡನ್ನೂ ನೀವೇ ಹೇಳಿ ಸೇರಿಸಿಕೊಳ್ಳುತ್ತೀರಲ್ಲ. ಗೋವಾದ ಪಾಲ್ ಜಾನ್‌ನವರ ನಿರ್ವಾಣ, ಬ್ರಿಲಿಯನ್ಸ್ ಬ್ಲೆಂಡ್ ಅಲ್ಲ, ಸಿಂಗಲ್ ಮಾಲ್ಟುಗಳೇ, ಆದರೆ ರುಚಿಯಲ್ಲಿ ಇದೇ ಸಾಲಿಗೆ ಸೇರುತ್ತವೆ.

ಹೊಗೆ ವಾಸನೆಯ ಮಾಲ್ಟ್ ಇಷ್ಟ ಇದ್ದವರಿಗೆ ಅಮೃತ್ ಪೀಟೆಡ್, ಪಾಲ್ ಜಾನ್ ಬೋಲ್ಡ್. ಇನ್ನೂ ಕಡಿಮೆಗೆ ಬೇಕಾದರೆ ಟೀಚರ್ಸ್. ಇದು ಹೇಳಿದರೆ ಮುಖ ಸಿಂಡರಿಸುತ್ತಾರೆ, ಆದರೆ ಅದರೊಳಗೆ ಆರ್ಡ್‌ಮೋರ್ ಎಂಬ ಹೊಗೆಯ ಮಾಲ್ಟ್ ಇದೆ. ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಯ ಒಣದ್ರಾಕ್ಷಿ ಸಿಹಿ ಬೇಕಿದ್ದರೆ ಹರಿಯಾಣದ ಇಂದ್ರಿ ಟ್ರಿನಿ. ಬರ್ಬನ್ ಎಂಬ ಅಮೆರಿಕದ ವಿಸ್ಕಿ, ಫ್ರೆಂಚ್ ವೈನ್, ಶೆರ್ರಿ ಮೊದಲು ತುಂಬಿದ್ದ ಮೂರೂ ಬಗೆಯ ಪೀಪಾಯಿಯ ವಿಸ್ಕಿ ಸೇರಿಸಿ ಮಾಡಿದ್ದು.

ಆದರೆ ಒಂದೇ ಹೆಸರು ಹೇಳಿ ಅಂದರೆ ನಾನು ಹೇಳುವುದು ಅಮೃತ್ ಫ್ಯೂಷನ್. ನಮ್ಮ ರಾಜ್ಯದ್ದು, ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುತ್ತದೆ. ಕಸ್ಟಮ್ಸ್ ಸುಂಕದ ಮಾತೇ ಇಲ್ಲ. ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಚಿನ ಊರಿಗೇ ಹೋಗಿ ಇಟ್ಟರು. 2010ರ 'ವಿಸ್ಕಿ ಬೈಬಲ್' ಪುಸ್ತಕದಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಫ್ಯೂಷನ್‌ಗೆ ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಅಂತ ಸ್ಥಾನ ಕೊಟ್ಟರು. ಕನ್ನಡಿಗನಾಗಿ ನನಗೆ ಇದು ಹೆಮ್ಮೆಯ ವಿಷಯ. ಲೇಬಲ್ ಮೇಲೆ ವಯಸ್ಸು ಇಲ್ಲ ಅಂತ ಇದನ್ನು ಪಕ್ಕಕ್ಕೆ ಸರಿಸುವವರನ್ನು ನೋಡಿದರೆ ಸಂಕಟ ಆಗುತ್ತದೆ.

ಹಣದ ಲೆಕ್ಕವನ್ನೂ ಮಾಡೋಣ. ಅಂಗಡಿಯ ಮಾಮೂಲಿ ವಿಸ್ಕಿಯಲ್ಲಿ ಆಲ್ಕೋಹಾಲು 42.8 ಪರ್ಸೆಂಟ್. ಫ್ಯೂಷನ್ 50 ಪರ್ಸೆಂಟ್. 750 ಎಂಎಲ್ ಫ್ಯೂಷನ್‌ಗೆ ನೀರು ಬೆರೆಸಿ 42.8ಕ್ಕೆ ಇಳಿಸಿದರೆ ಸುಮಾರು 875 ಎಂಎಲ್ ಆಗುತ್ತದೆ. ಅಂದರೆ 60 ಎಂಎಲ್‌ನ ಎರಡು ಲಾರ್ಜ್ ಜಾಸ್ತಿ ಸಿಕ್ಕಿತು. ಬೆಲೆ ಹೋಲಿಸುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡ್ಯೂಟಿ ಫ್ರೀ ಬಾಟಲಿಯೂ ಅಷ್ಟೇ, ಒಂದು ಲೀಟರೋ 700 ಎಂಎಲ್ಲೋ, 40 ಪರ್ಸೆಂಟೋ 46ಓ ನೋಡಿ ತರಿಸಿ. ಒಬ್ಬರಿಗೆ ತರಲು ಬಿಡುವುದು 2 ಲೀಟರ್ ಮಾತ್ರ.

ಮೊದಲೇ ಫುಲ್ ಬಾಟಲಿ ತರಬೇಡಿ. ಒಳ್ಳೆಯ ಬಾರಿನಲ್ಲಿ 30 ಎಂಎಲ್ ತರಿಸಿ. ಐಸ್ ಬೇಡ, ಸೋಡಾ ಬೇಡ. ಮೊದಲು ಮೂಸಿ, ಒಂದು ಗುಟುಕು ತಗೊಂಡು, ಆಮೇಲೆ ಒಂದು ಚಮಚ ನೀರು ಹಾಕಿ. ವಾಸನೆ ಬಿಚ್ಚಿಕೊಳ್ಳುವುದು ನಿಮಗೇ ಗೊತ್ತಾಗುತ್ತದೆ. ಮಂಡಕ್ಕಿ, ಮಿರ್ಚಿ ಆಮೇಲೆ ತರಿಸಿ. ಖಾರ ಬಿದ್ದ ನಾಲಿಗೆಗೆ ಯಾವ ವಿಸ್ಕಿಯೂ ಒಂದೇ.

ಯಾರೂ ಕೇಳದ ಒಂದು ವಿಷಯ ಹೇಳಬೇಕು ಅನ್ನಿಸುತ್ತಿದೆ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ರಾಶಿ ನೋಡಿದಾಗೆಲ್ಲ ನನಗೆ ಇದು ತಲೆಗೆ ಬರುತ್ತದೆ. ಅಮೆರಿಕದ ಬರ್ಬನ್ ವಿಸ್ಕಿಗೆ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಇರಲೇಬೇಕು. ನಮ್ಮ ಜಿಲ್ಲೆಯ ಹೊಲಗಳಲ್ಲಿ ಮಳೆಗಾಲದಲ್ಲಿ ಎತ್ತ ನೋಡಿದರೂ ಅದೇ ಬೆಳೆ. ಬರ್ಬನ್‌ಗೆ ಪ್ರತಿ ಸಲವೂ ಒಳಗೆ ಸುಟ್ಟು ಕರಕಲು ಮಾಡಿದ ಹೊಸ ಓಕ್ ಪೀಪಾಯಿಯೇ ಬೇಕು. ಒಂದು ಸಲ ಬಳಸಿದ ಮೇಲೆ ಅವರಿಗೆ ಅದು ಬೇಡ. ಹಾಗೆ ಖಾಲಿಯಾದ ಪೀಪಾಯಿಗಳೇ ಸ್ಕಾಟ್ಲೆಂಡಿಗೂ ಹೋಗುತ್ತವೆ, ಬೆಂಗಳೂರಿಗೂ ಬರುತ್ತವೆ. ನೀವು ಹತ್ತು ವರ್ಷದಿಂದ ಕುಡಿಯುತ್ತಿರುವ ಸ್ಕಾಚಿನ ವೆನಿಲಾ ಪರಿಮಳ ಹೆಚ್ಚಿನಂಶ ಆ ಮರದ್ದೇ. ಅಂದರೆ ಆ ಪೀಪಾಯಿಯೊಳಗೆ ಮೊದಲು ಇದ್ದಿದ್ದು ಮೆಕ್ಕೆಜೋಳದ ವಿಸ್ಕಿ.

ಹಾಗಾಗಿ ಜಿಮ್ ಬೀಮ್ ಎಂಬ ಬರ್ಬನ್‌ನ ಬಿಳಿ ಲೇಬಲ್ ಬಾಟಲಿ ಕಂಡರೆ ಅದನ್ನೂ ಒಂದು ಸಲ ನೋಡಿ. ಲೇಬಲ್ ಮೇಲೆ 12 ಹುಡುಕಬೇಡಿ. ಅದು 4 ವರ್ಷದ್ದು.