ಓದಲು ಹೋದ ದೇಶವನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ನನ್ನ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾಳೆ. ಎರಡು ವರ್ಷ ಪಾಠ, ಪರೀಕ್ಷೆಗಳಲ್ಲೇ ಕಳೆದುಹೋದೀತು ಎಂಬ ಆತಂಕ ನನಗಿದೆ. ಆ ದೇಶದ ಆರ್ಥಿಕತೆಯನ್ನೂ ಸಂಸ್ಕೃತಿಯನ್ನೂ ತಿಳಿದುಕೊಳ್ಳಲು ಅವಳು ಬೇರೆ ಕೋರ್ಸ್ ಸೇರಬೇಕೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಬೇರೆ ಕೋರ್ಸ್ ಬೇಕಿಲ್ಲ. ಆರ್ಥಿಕತೆಯನ್ನೂ ಸಂಸ್ಕೃತಿಯನ್ನೂ ಎರಡು ಪಾಠಗಳೆಂದು ಬೇರ್ಪಡಿಸದೆ ನೋಡುವ ಅಭ್ಯಾಸವೊಂದಿದ್ದರೆ ಸಾಕು. ನಮ್ಮೂರಿಗೆ ಬಂದ ಪರಸ್ಥಳದವರು ಸಂಜೆ ಹೊತ್ತು ಮೂಲೆ ಮೂಲೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮಾರಾಟವಾಗುವುದನ್ನು ಕಂಡು ‘ಇದು ಇಲ್ಲಿಯ ತಿಂಡಿ’ ಎಂದು ಬರೆದುಕೊಂಡು ಹೋದರೆ ಅವರಿಗೆ ತಿಳಿದದ್ದು ಅಲ್ಪ. ಭದ್ರಾ ನಾಲೆಯ ನೀರಿಗೆ ಬೆಳೆದ ಭತ್ತ ಯಾವ ದಾರಿಯಲ್ಲಿ ಭಟ್ಟಿಗೆ ಬರುತ್ತದೆ, ಆ ಹೊಗೆಯಲ್ಲಿ ದುಡಿಯುವವರು ಯಾರು ಎಂದು ಕೇಳಿದರೆ ಊರು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ನಿಮ್ಮ ಮಗಳು ಅಲ್ಲಿ ಮಾಡಬೇಕಾದುದೂ ಇದನ್ನೇ.

ಮೊದಲ ಪಾಠ ಮೊದಲ ಭಾನುವಾರವೇ ಸಿಗುತ್ತದೆ. ಹಾಲು, ತರಕಾರಿ ತರಲೆಂದು ಹೊರಟರೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ರೈಲು ನಿಲ್ದಾಣದ ಮಳಿಗೆ, ಪೆಟ್ರೋಲ್ ಬಂಕ್, ಕೆಲವು ಗಂಟೆ ತೆರೆಯುವ ಬೇಕರಿ ಇಷ್ಟೇ ಗತಿ. ವ್ಯಾಪಾರಸ್ಥರ ಊರಿನಿಂದ ಹೋದ ನಮಗೆ, ಜನ ಬಿಡುವಾಗಿರುವ ದಿನವೇ ಅಂಗಡಿ ಮುಚ್ಚುವುದು ಶುದ್ಧ ನಷ್ಟವೆಂದು ತೋರುತ್ತದೆ. ಆದರೆ ಜರ್ಮನಿಯ ಮೊದಲ ಗಣರಾಜ್ಯದ, 1919ರ ವೈಮಾರ್ ಸಂವಿಧಾನದಲ್ಲಿ ಭಾನುವಾರದ ವಿಶ್ರಾಂತಿಗೆ ನೀಡಿದ್ದ ರಕ್ಷಣೆಯನ್ನು 1949ರ ಸಂವಿಧಾನವೂ ಹಾಗೆಯೇ ಉಳಿಸಿಕೊಂಡಿದೆ. ಚರ್ಚುಗಳೂ ಕಾರ್ಮಿಕ ಸಂಘಟನೆಗಳೂ ಈ ವಿಷಯದಲ್ಲಿ ಒಂದೇ ಕಡೆ ನಿಲ್ಲುತ್ತವೆ. ಮುಚ್ಚಿದ ಆ ಬಾಗಿಲು ಧರ್ಮದ್ದೋ, ಕಾನೂನಿನದ್ದೋ, ದುಡಿಯುವವರ ಹಕ್ಕಿನದ್ದೋ ಎಂದು ವಿಂಗಡಿಸಲು ಹೊರಟರೆ ಸೋಲುತ್ತೇವೆ.

ಇದಕ್ಕಿಂತ ಹೆಚ್ಚಿನದನ್ನು ಕಲಿಸುವ ಕಾಗದವೊಂದಿದೆ, ಅದು ಸಂಬಳದ ಚೀಟಿ. ನಮ್ಮಂಥ ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದೆಂದು 2024ರ ಮಾರ್ಚ್‌ನಿಂದ ನಿಯಮವಿದೆ. ಮಗಳು ‘ವೆರ್ಕ್‌ಸ್ಟುಡೆಂಟ್’ ಆಗಿ, ಎಂದರೆ ಓದಿನ ಜೊತೆಗೆ ವಾರಕ್ಕೆ 20 ಗಂಟೆ ಮೀರದಂತೆ ಕಂಪನಿಯೊಂದರಲ್ಲಿ ದುಡಿಯತೊಡಗಿದರೆ, ಚೀಟಿ ಕೈಗೆ ಬಂದಾಗ ಖಾತೆಗೆ ಎಷ್ಟು ಬಂತೆಂಬುದನ್ನು ಮಾತ್ರ ನೋಡಿ ಮಡಚಿಡದೆ ಸಾಲು ಸಾಲಾಗಿ ಓದಲಿ. ಗಂಟೆಯ ಕೂಲಿಗೆ ಕನಿಷ್ಠ ಮಿತಿಯೊಂದಿದೆ. ಇಡೀ ದೇಶಕ್ಕೆ ಅನ್ವಯಿಸುವಂತೆ ಅದು ಬಂದದ್ದು 2015ರಲ್ಲಿ, 8.50 ಯೂರೋದಿಂದ, 2025ರಲ್ಲಿ ಅದು 12.82 ಯೂರೋ ಆಗಿತ್ತು. ಇಷ್ಟು ಸಿರಿವಂತ ದೇಶದಲ್ಲಿ ಅಲ್ಲಿಯವರೆಗೆ ಅಂಥ ಕಾನೂನೇ ಏಕೆ ಇರಲಿಲ್ಲ ಎಂದು ಕೇಳಿದರೆ, ಕೂಲಿಯನ್ನು ಸರ್ಕಾರವಲ್ಲ, ಕಾರ್ಮಿಕ ಸಂಘ ಮತ್ತು ಮಾಲೀಕರ ಸಂಘಗಳು ಕೂತು ಮಾತಾಡಿ ನಿರ್ಧರಿಸಬೇಕೆಂಬ ಅಲ್ಲಿಯ ಹಳೆಯ ನಂಬಿಕೆ ಎದುರಾಗುತ್ತದೆ. ಅದರ ಕೆಳಗೆ ಪಿಂಚಣಿ ವಿಮೆಯ ಸಾಲಿರುತ್ತದೆ: ಸಂಬಳದ ಶೇ. 18.6, ಅರ್ಧ ನೌಕರನದು, ಅರ್ಧ ಮಾಲೀಕನದು. ಇದರ ಬೇರು 1889ರಲ್ಲಿದೆ. ಕಾರ್ಮಿಕರು ಸಮಾಜವಾದಿಗಳತ್ತ ವಾಲುವುದನ್ನು ತಡೆಯಬೇಕೆಂದು ಆಗಿನ ಚಾನ್ಸಲರ್, ಎಂದರೆ ಸರ್ಕಾರದ ಮುಖ್ಯಸ್ಥ, ಬಿಸ್ಮಾರ್ಕ್ 1883ರಲ್ಲಿ ಆರೋಗ್ಯ ವಿಮೆಯನ್ನೂ ಆಮೇಲೆ ಪಿಂಚಣಿಯನ್ನೂ ಜಾರಿಗೆ ತಂದ. ಕ್ರಾಂತಿಗೆ ಹೆದರಿ ಕೊಟ್ಟದ್ದು ಕೊನೆಗೆ ದೇಶದ ಸ್ವಭಾವವೇ ಆಯಿತು. ಚರ್ಚ್ ತೆರಿಗೆಗೂ ಚೀಟಿಯಲ್ಲಿ ಜಾಗವಿರುತ್ತದೆ. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ದಾಖಲಿಸುವಾಗ ಧರ್ಮ ಯಾವುದೆಂದು ಕೇಳುವುದು ಇದಕ್ಕಾಗಿಯೇ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆಸಿದವರು ಆದಾಯ ತೆರಿಗೆ ಕಟ್ಟುವಂತಾದರೆ, ಆ ತೆರಿಗೆಯ ಶೇ. 8 ಅಥವಾ 9ರಷ್ಟನ್ನು ಅದರ ಮೇಲೆ ಚರ್ಚಿಗಾಗಿ ಕಟ್ಟುತ್ತಾರೆ.

ನೀರಿನ ಬಾಟಲಿಯೂ ಪಾಠ ಹೇಳುತ್ತದೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಕೊಟ್ಟು, ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ಹಾಕಿ ಹಿಂದಕ್ಕೆ ಪಡೆಯುತ್ತಾರೆ. ಬೇಡವಾದವರು ಅದನ್ನು ಕಸದ ಡಬ್ಬಿಯೊಳಗೆ ಎಸೆಯದೆ ಪಕ್ಕದಲ್ಲಿಟ್ಟು ಹೋಗುತ್ತಾರೆ, ಆಯ್ದುಕೊಳ್ಳುವವರು ಡಬ್ಬಿಗೆ ಕೈ ಹಾಕುವಂತಾಗಬಾರದು ಎಂದು. ಆಯುವವರಲ್ಲಿ ವಯಸ್ಸಾದವರೂ ಇರುವುದನ್ನು ಕಂಡಾಗ ಮೇಲೆ ಹೇಳಿದ ಪಿಂಚಣಿಯ ಬಗ್ಗೆ ಇನ್ನೊಂದು ಪ್ರಶ್ನೆ ಹುಟ್ಟಬೇಕು.

ನಿಮ್ಮ ಮಗಳ ವಿಷಯ ಮೆಕ್ಯಾನಿಕಲ್ ಆದ್ದರಿಂದ ಅವಳಿಗೊಂದು ಅನುಕೂಲವೂ ಇದೆ. ಪಕ್ಕದ ಹರಿಹರದಲ್ಲಿ ಒಂದು ಕಾಲಕ್ಕೆ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ಜರ್ಮನಿಯಲ್ಲಿ ಅಂಥ ಯಂತ್ರಗಳನ್ನು ತಯಾರಿಸುವ ಕುಟುಂಬದ ಒಡೆತನದ ಕಾರ್ಖಾನೆಗಳು ಹರಿಹರಕ್ಕಿಂತ ಚಿಕ್ಕ ಊರುಗಳಲ್ಲಿಯೂ ಇಂದಿಗೂ ನಡೆಯುತ್ತಿವೆ. ಅದರ ಹಿಂದಿನ ಒಂದು ಕಾರಣವೆಂದರೆ ಹುಡುಗ ಹುಡುಗಿಯರು ವಾರದ ಕೆಲವು ದಿನ ವೃತ್ತಿಶಾಲೆಯಲ್ಲಿ, ಉಳಿದ ದಿನ ಕಾರ್ಖಾನೆಯಲ್ಲಿ, ಸಂಬಳ ಪಡೆಯುತ್ತಲೇ ಎರಡರಿಂದ ಮೂರೂವರೆ ವರ್ಷ ಕೆಲಸ ಕಲಿಯುವ ವ್ಯವಸ್ಥೆ. ಹಾಗೆ ಕಲಿತು ಬಂದ ಸಹಪಾಠಿಗಳು ಅವಳ ತರಗತಿಯಲ್ಲೇ ಇರಬಹುದು, ನಮ್ಮ ಐ.ಟಿ.ಐ. ಓದಿಗೂ ಅದಕ್ಕೂ ವ್ಯತ್ಯಾಸವೇನೆಂದು ಅವರನ್ನೇ ಕೇಳಲಿ.

ಎಚ್ಚರಿಕೆ ಒಂದೇ. ನಮ್ಮವರ ಜೊತೆಯೇ ಮನೆ ಮಾಡಿ, ಇಂಗ್ಲಿಷಿನಲ್ಲಿಯೇ ಓದು ಮುಗಿಸಿ, ಬಿಯರ್ ಹಬ್ಬದ ಫೋಟೊ ತೆಗೆಸಿಕೊಂಡು ಮರಳುವುದು ಬಹಳ ಸುಲಭ. ಜರ್ಮನ್ ಭಾಷೆ ತಪ್ಪುತಪ್ಪಾಗಿಯಾದರೂ ನಾಲಿಗೆಗೆ ಬರಲಿ. ಅಲ್ಲಿ ಹಾಡಿಗೆ, ಓಟಕ್ಕೆ, ತೋಟಗಾರಿಕೆಗೆ ಸಹ ‘ಫೆರೈನ್’ ಎಂಬ ಸಂಘಗಳಿರುತ್ತವೆ, ಕನಿಷ್ಠ ಏಳು ಸದಸ್ಯರಿದ್ದರೆ ಸಂಘ ನೋಂದಣಿಯಾಗುತ್ತದೆ. ಅಂಥದೊಂದರಲ್ಲಿ ಕುರ್ಚಿ ಜೋಡಿಸುವ ಕೆಲಸ ಹಚ್ಚಿಕೊಂಡರೂ ಸಾಕು, ಮಾತು ಬೆಳೆಯುತ್ತದೆ.

ಹೊರಡುವ ಮೊದಲು ಒಂದು ಬೆಳಗ್ಗೆ ಅವಳನ್ನು ನಮ್ಮ ಎ.ಪಿ.ಎಂ.ಸಿ. ಯಾರ್ಡ್‌ಗೆ ಕರೆದುಕೊಂಡು ಹೋಗಿ. ಮೆಕ್ಕೆಜೋಳದ ಬೆಲೆ ಹೇಗೆ ಕುದುರುತ್ತದೆ, ದಲ್ಲಾಳಿಗೆ ಸಲ್ಲುವುದೇನು, ಹಮಾಲಿ ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ನೋಡಿಕೊಳ್ಳಲಿ. ನಾನು ಜರ್ಮನಿಯಲ್ಲಿ ಓದುತ್ತಿದ್ದಾಗ ಯಾವ ಊರೆಂದು ಕೇಳಿದ ಮನೆಯೊಡತಿಗೆ ‘ಬೆಂಗಳೂರಿನ ಹತ್ತಿರ’ ಎಂದಿದ್ದೆ. ಹಾಗಾದರೆ ನಿಮ್ಮೂರು ಯಾವುದರಿಂದ ಬದುಕುತ್ತದೆ ಎಂದು ಆಕೆ ಕೇಳಿದ ಎರಡನೆಯ ಪ್ರಶ್ನೆಗೆ ಹತ್ತಿ ಗಿರಣಿಗಳ ಹೆಸರು ಹೇಳಿ, ಅವು ಮುಚ್ಚಿದ ಮೇಲೆ ಏನು ಎಂಬ ಮೂರನೆಯ ಪ್ರಶ್ನೆಗೆ ಸುಮ್ಮನೆ ಕೂತಿದ್ದೆ.